ರತ್ನಮ್ಮ ಚಿಕ್ಕಮ್ಮನ ಪುಟ್ಟ ಸಿಲಿಂಡರು

ಮೊನ್ನೆ ಗ್ಯಾಸ್ ತಂದವನು ನನ್ನ ಮೇಲೆ ಮುನಿಸಿಕೊಂಡು ಹೋದ. ಅವನು ಸಿಲಿಂಡರನ್ನು ಬಾಗಿಲಲ್ಲಿ ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಾನು ಕನ್ನಡಕ ಏರಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ಅದರ ಕತ್ತಿನ ಪಟ್ಟಿಯನ್ನು ಓದತೊಡಗಿದ್ದೆ. ನಿಮ್ಮ ಮನೆಯ ಸಿಲಿಂಡರಿನಲ್ಲೂ ಅದು ಇರುತ್ತದೆ, ಬಿಡುವಾದಾಗ ನೋಡಿ. ಹಿಡಿಗೆ ಆಧಾರವಾಗಿ ನಿಂತ ಕಬ್ಬಿಣದ ಪಟ್ಟಿಯ ಒಳಮೈಯಲ್ಲಿ ವರ್ಷದ ಯಾವ ಮೂರು ತಿಂಗಳು ಎಂದು ಹೇಳುವ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ವರ್ಷದ ಎರಡಂಕಿ. ಅಷ್ಟರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು ಎಂದು ಅದರ ಅರ್ಥ. ಅವನು ತಂದದ್ದರ ಗಡುವು ಮುಗಿದಿತ್ತು. ಬೇಡ, ಬೇರೆಯದು ತಾ ಎಂದೆ.

"ಟೀಚರಮ್ಮ, ಊರ್ಗೆಲ್ಲ ಇಂತವ್ನೇ ಕೊಡ್ತಿವಿ. ಯಾರೂ ಓದಕಿಲ್ಲ. ನೀವೊಬ್ರೇ ಪರೀಕ್ಷ ಪೇಪರ್ ನೋಡ್ದಂಗ ನೋಡದು" ಎಂದು ಗೊಣಗುತ್ತ ಅದನ್ನು ಮತ್ತೆ ಹೆಗಲಿಗೇರಿಸಿದ.

ಅವನ ಮಾತಿನಲ್ಲಿ ಸುಳ್ಳೇನಿಲ್ಲ. ತಮಿಳು ಸೀಮೆಗೆ ಸೇರಿದ ನಮ್ಮ ತಾಳವಾಡಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ ಹೇಳುತ್ತ ಕಂಡಕಂಡದ್ದನ್ನು ತಿದ್ದುವ ಚಾಳಿ ನನಗೆ ಅಂಟಿಕೊಂಡಿದೆ. ಆದರೆ ಸಿಲಿಂಡರಿನ ಚಾಳಿ ಶಾಲೆಯಿಂದ ಬಂದದ್ದಲ್ಲ. ಯಾರ ಮನೆಗೆ ಹೋದರೂ ಕಾಫಿ ಬರುವುದಕ್ಕೆ ಮೊದಲು ನಾನು ಅಡುಗೆಮನೆಗೆ ನುಗ್ಗಿ ಬಗ್ಗಿ ನೋಡುತ್ತೇನೆ. ಹೋದ ವರ್ಷ ನೆಂಟರೊಬ್ಬರ ಗೃಹಪ್ರವೇಶದಲ್ಲಿ ನನ್ನ ತಂಗಿಯ ಮಗಳು ಎಲ್ಲರೆದುರಿಗೆ, "ದೊಡ್ಡಮ್ಮ ಬಂದ್ರು, ಸಿಲಿಂಡರಿಗೆ ಮುಖ ತೊಳ್ಸಿ ಕೂರ್ಸಿ" ಎಂದು ನಗಾಡಿದಳು. ನಾನೂ ನಕ್ಕೆ. ನಕ್ಕವಳು ಹೋಗಿ ನೋಡಿಯೇ ಬಂದೆ.

ಈ ಚಾಳಿಯ ಮೂಲ ನಮ್ಮ ರತ್ನಮ್ಮ ಚಿಕ್ಕಮ್ಮ.

ರತ್ನಮ್ಮ ಎಂದರೆ ನನ್ನ ತಂದೆಯ ಕೊನೆಯ ತಮ್ಮ ಕೆಂಪಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಹೆಚ್ಚೇನೂ ದೊಡ್ಡವಳಲ್ಲ. ಅವರ ಮನೆ ತಿಗನಾರೆಯಲ್ಲಿ. ಚಿಕ್ಕಪ್ಪನಿಗೆ ಒಂದು ಲಾರಿ. ತಾಳವಾಡಿ ಬಯಲಿನ ಕೋಸು, ಆಲೂಗಡ್ಡೆ, ಬಾಳೆ ತುಂಬಿಕೊಂಡು ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಮೇಟುಪಾಳ್ಯದ ಮಂಡಿಗೆ ಹಾಕುವುದು ಅವನ ಕಸುಬು. ನಮ್ಮ ಕಡೆ ಲಾರಿ ಇರುವವರು ಎಷ್ಟೋ ಜನ. ಆದರೆ ಲಾರಿಯಲ್ಲಿ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಲೋಡು ಹೊಡೆಯುವವನು ಇವನೊಬ್ಬನೇ. ಎಡಗಡೆಯ ಕಿಟಕಿಯ ಪಕ್ಕದ ಜಾಗ ಚಿಕ್ಕಮ್ಮನದು. ಸೀಟಿನ ಹಿಂದೆ ಅವಳ ಸಂಸಾರ: ಸ್ಟೀಲಿನ ಡಬ್ಬಗಳು, ಒಂದು ಪಾತ್ರೆ, ಒಂದು ಬಾಣಲೆ, ನೀರಿನ ಕ್ಯಾನು, ಮತ್ತೆ ಆ ಪುಟ್ಟ ಸಿಲಿಂಡರು. ಅದು ತಲೆಯ ಮೇಲೆಯೇ ಒಲೆ ಹೊತ್ತು ಕೂರುವ ಜಾತಿಯದು, ಮಗುವಿನ ಹಾಗೆ ಕಂಕುಳಲ್ಲಿ ಎತ್ತಿಕೊಳ್ಳಬಹುದು.

ಆ ಒಲೆಯ ಮೇಲೆ ಆಗುತ್ತಿದ್ದ ಅಡುಗೆಯನ್ನು ಹೇಳಬೇಕು. ಬಣ್ಣಾರಿಯ ಹತ್ತಿರ ಮರದ ನೆರಳಲ್ಲಿ ಲಾರಿ ನಿಂತರೆ, ಬೇರೆ ಲಾರಿಯವರು ಬೀಗ ಹಾಕಿಕೊಂಡು ಊಟಕ್ಕೆ ಹೋಗುವ ಬದಲು ಇವಳ ಸುತ್ತ ಸುಳಿಯುತ್ತಿದ್ದರು. ಹುರುಳಿ ಬಸ್ಸಾರು, ಅವರೆಕಾಳು ಹುಳಿ, ಏನೂ ಇಲ್ಲದ ದಿನ ಬೆಳ್ಳುಳ್ಳಿ ಒಗ್ಗರಣೆಯ ಮಜ್ಜಿಗೆ. ಒಗ್ಗರಣೆ ಬಿದ್ದರೆ ರಸ್ತೆಯ ಆಚೆಗೂ ಗಮ್ಮೆನ್ನುತ್ತಿತ್ತು. ನಾನು ಸತ್ಯಮಂಗಲಕ್ಕೆ ಹೋಗಬೇಕಾದಾಗ ಬಸ್ಸು ಬಿಟ್ಟು ಅವರ ಲಾರಿಯನ್ನೇ ಕಾಯುತ್ತಿದ್ದದ್ದಕ್ಕೆ ಆ ಬಸ್ಸಾರೂ ಒಂದು ಕಾರಣ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಿಲಿಂಡರಿಗೆ ಮಾತ್ರ ಮುಪ್ಪು ಬಂದಿತ್ತು. ಬಣ್ಣ ಎದ್ದುಹೋಗಿ, ಅಡಿಯ ಬಳೆ ತುಕ್ಕು ಹಿಡಿದು ಅಂಚು ಉದುರುತ್ತಿತ್ತು. ಎಲ್ಲೋ ಒಂದು ಅಂಗಡಿಯಲ್ಲಿ ಕೇಳುವವರಿಲ್ಲದೆ ತುಂಬಿಸಿಕೊಂಡು ಬರುತ್ತಿದ್ದರು. ಚಿಕ್ಕಪ್ಪ ಆಗಾಗ ಹೇಳುತ್ತಿದ್ದ, "ಇದ್ನ ಕೊಟ್ಬುಟ್ಟು ಬ್ಯಾರೇದ ತರಮ ಕಣ ರತ್ನಿ. ನೋಡಕ್ಕೇ ಭಯ ಆಯ್ತುದ."

"ಇದ್ಕೇನಾಗದ? ನಮ್ಮಿಬ್ರಿಗಿಂತ ಗಟ್ಟಿಯಾಗದ" ಎಂದು ಅವಳು ಸೆರಗಿನಿಂದ ಅದರ ಮೈ ಒರೆಸುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬೇರೆ ಯಾವುದರಲ್ಲೂ ಹಟ ಹಿಡಿಯದವಳು ಇದೊಂದರಲ್ಲಿ ಯಾಕೆ ಹೀಗೆ ಎಂದು ನನಗೆ ಅನ್ನಿಸಿದ್ದುಂಟು. ಹೆಂಗಸರಿಗೆ ಪಾತ್ರೆಪಗಡೆಯ ಮೇಲೆ ಇರುವ ಮೋಹ ಎಂದುಕೊಂಡು ಸುಮ್ಮನಾಗಿದ್ದೆ. ನನ್ನ ಹತ್ತಿರವೂ ತಳ ಸವೆದ ಒಂದು ಹಾಲಿನ ಪಾತ್ರೆ ಇದೆಯಲ್ಲ.

ಆಮೇಲೆ ಕೊರೊನಾ ಜ್ವರದ ವರ್ಷ ಬಂತು. ಇಬ್ಬರೂ ಮಲಗಿದರು, ಇಬ್ಬರೂ ಎದ್ದರು. ಲಾರಿ ಮತ್ತೆ ರಸ್ತೆಗೆ ಬಂತು. ಚಿಕ್ಕಮ್ಮ ಸ್ವಲ್ಪ ಬದಲಾಗಿದ್ದಳು, ಆದರೆ ಆ ಜ್ವರದಿಂದ ಎದ್ದವರೆಲ್ಲ ಸ್ವಲ್ಪ ಬದಲಾಗಿದ್ದ ಕಾಲ ಅದು. ಊಟಕ್ಕೆ ಬಡಿಸಿ ಎದುರಿಗೆ ಕೂತು, "ಸಾರು ಎಂಗದ? ಉಪ್ಪು ಉಳಿ ಸರ್ಯಾಗದ?" ಎಂದು ಕೇಳುತ್ತಿದ್ದಳು. ಮೊದಲು ಎಂದೂ ಕೇಳಿದವಳಲ್ಲ. ಒಂದು ದಿನ ಹಾಲಿನ ಲೋಟ ನನ್ನ ಕೈಗಿಟ್ಟು, "ಕೂಸೆ, ಇದು ಎಂಗದ ನೋಡು" ಎಂದಳು. ಹಾಲು ಒಡೆದು ನಾರುತ್ತಿತ್ತು. ಅದು ಅವಳಿಗೆ ಗೊತ್ತಾಗದೆ ನನ್ನನ್ನು ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ. ತಮಾಷೆ ಎಂದುಕೊಂಡೆ.

ನನ್ನ ಹಲ್ಲು ನೋವಿನ ಪ್ರಯಾಣ ಬಂದದ್ದು ಆಗ. ದವಡೆ ಊದಿಕೊಂಡು, ಸತ್ಯಮಂಗಲದಲ್ಲಿ ಹಲ್ಲು ಕೀಳಿಸಿಕೊಳ್ಳಲು ಚಿಕ್ಕಪ್ಪನ ಲಾರಿ ಹತ್ತಿದ್ದೆ. ಘಾಟಿಯ ತಿರುವುಗಳೆಂದರೆ ನನ್ನ ಹೊಟ್ಟೆಗೆ ಮೊದಲಿಂದಲೂ ಆಗದು. ದಿಂಬಂಗೆ ಮುಂಚೆಯೇ ಒಂದು ನಿಂಬೆಹಣ್ಣನ್ನು ಗೀರಿ ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತೇನೆ. ಅವತ್ತೂ ಹಾಗೇ ಕೂತಿದ್ದೆ, ಒಂದು ಕೈ ಕೆನ್ನೆಗೆ, ಒಂದು ಕೈ ಮೂಗಿಗೆ.

ದಿಂಬಂ ತಲುಪಿದರೆ ಘಾಟಿಯ ನೆತ್ತಿಯ ಟೀ ಅಂಗಡಿಗಳ ಮುಂದೆ ಲಾರಿಗಳ ಸಾಲು ನಿಂತಿತ್ತು. ಕೆಳಗಿನ ತಿರುವೊಂದರಲ್ಲಿ ಉದ್ದನೆಯ ಲಾರಿ ಸಿಕ್ಕಿಕೊಂಡು ಆಚೆಗೂ ಇಲ್ಲ ಈಚೆಗೂ ಇಲ್ಲ ಎಂದರು. ಜಿಟಿಜಿಟಿ ಮಳೆ, ಮಂಜು. ಚಿಕ್ಕಪ್ಪ ತಲೆಗೆ ಟವಲು ಹಾಕಿಕೊಂಡು ನೋಡಿಬರಲು ಇಳಿದು ಹೋದ. ಚಿಕ್ಕಮ್ಮ ಕಿಟಕಿಯ ಗಾಜು ಏರಿಸಿ, "ಸುಮ್ನ ಕೂತಿರದ್ಯಾಕ, ಒಸಿ ಗಂಜಿ ಮಾಡ್ಬುಡ್ತೀನಿ. ನೋಯ ನಿನ್ ಅಲ್ಲಿಗೂ ಆಯ್ತುದ" ಎಂದು ಸಿಲಿಂಡರನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡಳು. ಮಳೆಯಿಲ್ಲದಿದ್ದರೆ ಹೊರಗೆ ಇಟ್ಟುಕೊಳ್ಳುತ್ತಿದ್ದಳು. ಒಲೆಯ ತಿರುಪನ್ನು ತಿರುಗಿಸಿದ್ದು, ಮತ್ತೆ ಮುಚ್ಚಿದ್ದು ಕೇಳಿಸಿತು. ಅಕ್ಕಿ ತೊಳೆಯುತ್ತ ಕೂತಳು.

ನಿಂಬೆಹಣ್ಣು ಹಿಡಿದು ಹಿಡಿದು ಕೈ ಸೋತು ಇಳಿಸಿದೆ. ಆಗ ಏನೋ ಕೊಳೆತ ವಾಸನೆ ಬಡಿಯಿತು. "ಚಿಕ್ಕಮ್ಮ, ಏನೋ ನಾರ್ತದೆ" ಎಂದೆ.

"ಕೋಸು ಕಣವ್ವ. ಮಳ ನೀರು ಬಿದ್ದು ಕೊಳ್ತಿರ್ತುದ" ಎಂದಳು, ತಲೆಯೆತ್ತದೆ.

ಕೋಸಿನ ಲಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಕೊಳೆತ ಕೋಸಿನ ವಾಸನೆಗೂ ಸೋರುವ ಗ್ಯಾಸಿನ ವಾಸನೆಗೂ ದೊಡ್ಡ ವ್ಯತ್ಯಾಸವಿಲ್ಲ. ನಾನು ನಂಬಿ ಮತ್ತೆ ನಿಂಬೆಹಣ್ಣಿಗೆ ಮೂಗು ಕೊಟ್ಟೆ. ಅವಳು ಪಾತ್ರೆಯನ್ನು ಒಲೆಯ ಮೇಲಿಟ್ಟು ಬೆಂಕಿಪೊಟ್ಟಣ ತೆಗೆದಳು. ಕಡ್ಡಿ ಅವಳ ಬೆರಳಲ್ಲಿತ್ತು.

ಚಿಕ್ಕಪ್ಪ ಬಾಗಿಲು ತೆಗೆದದ್ದು ಆಗಲೇ. ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟವನು ಹಾಗೇ ನಿಂತ. ಅವನು ಕೂಗಲಿಲ್ಲ. ನಿದ್ದೆ ಹೋದ ಮಗುವನ್ನು ಎಬ್ಬಿಸುವವನ ಹಾಗೆ ಮೆಲ್ಲಗೆ, "ರತ್ನಿ, ಕಡ್ಡಿ ಗೀಚ್ಬ್ಯಾಡ. ಪೊಟ್ಣ ನನ್ ಕೈಗ ಕೊಡು" ಎಂದ.

ಅವಳು ಕೊಟ್ಟಳು. "ಇಬ್ರೂ ಇಳೀರಿ. ಯಾನೂ ಮುಟ್ಬ್ಯಾಡಿ" ಎಂದು ಎರಡೂ ಬಾಗಿಲು ತೆರೆದು ನಮ್ಮನ್ನು ಮಳೆಯಲ್ಲಿ ಇಳಿಸಿದ. ಆಮೇಲೆ ಒಳಗೆ ಹೋಗಿ ಸಿಲಿಂಡರನ್ನು ಎತ್ತಿಕೊಂಡು, ಟೀ ಅಂಗಡಿಗಳ ಕಡೆಗೆ ಹೋಗದೆ, ರಸ್ತೆಯ ಇನ್ನೊಂದು ಬದಿಯ ಬಯಲಿನವರೆಗೆ ನಡೆದು, ಒದ್ದೆ ಹುಲ್ಲಿನ ಮೇಲೆ ಇಟ್ಟು ಬಂದ. ಹತ್ತಿರ ಬರುತ್ತಿದ್ದ ಒಬ್ಬ ಡ್ರೈವರಿಗೆ ತಮಿಳಿನಲ್ಲಿ ದೂರ ಇರು ಎಂದ. ನನ್ನ ಹಲ್ಲು ನೋವು ಯಾವಾಗ ನಿಂತಿತೋ ತಿಳಿಯಲಿಲ್ಲ.

"ಗ್ಯಾಸು ನೆಲ್ದಲ್ಲಿ ತುಂಬ್ಕಂಡಿತ್ತಲ್ಲ. ನಿಂಗ ವಾಸ್ನ ಬರ್ನಿಲ್ವ?" ಎಂದು ಕೇಳಿದ.

"ನಾ ಕೋಸು ಅಂದ್ಕಂಡಿ ಕಣಿ" ಎಂದಳು ಚಿಕ್ಕಮ್ಮ.

ಅವನು ಲಾರಿಯ ಕಡೆ ನೋಡಿದ. ಮತ್ತೆ ಅವಳನ್ನು ನೋಡಿದ. "ಕೋಸು ಎಲ್ಲದ ರತ್ನಿ? ಇವತ್ತು ಆಲೂಗಡ್ಡ ತಾನೆ ತುಂಬಿರದು. ನೀನೇ ನಿಂತ್ಕಂಡು ತುಂಬುಸ್ದಲ್ಲ."

ಅವಳು ರಸ್ತೆಯಂಚಿನ ಕಟ್ಟೆಯ ಮೇಲೆ ಕೂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಟೀ ಅಂಗಡಿಯಾಕೆ ಕೇಳದೆಯೇ ಮೂರು ಲೋಟ ಟೀ ತಂದಿಟ್ಟು ಹೋದಳು. ಚಿಕ್ಕಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸುಮಾರು ಹೊತ್ತು ಇದ್ದಳು.

"ಶುಂಠಿ ಹಾಕವ್ಳ?" ಎಂದು ನನ್ನನ್ನು ಕೇಳಿದಳು.

"ಹಾಕಿದ್ದಾಳೆ ಚಿಕ್ಕಮ್ಮ. ಜಾಸ್ತಿಯೇ ಹಾಕಿದ್ದಾಳೆ."

"ನಂಗ ಯಾನೂ ಬರದಿಲ್ಲ" ಎಂದಳು. "ಆ ಜ್ವರ ಬಂದು ಓದಾಗ್ಲಿಂದ ಇಲ್ಲ. ಇವತ್ತು ಬತ್ತುದ, ನಾಳ ಬತ್ತುದ ಅಂತ ಕಾಯ್ತನೆ ಇದ್ದಿ. ಊವ ಮುಡುದ್ರೂ ಇಲ್ಲ, ಒಗ್ಗರಣ ಸೀದ್ರೂ ಇಲ್ಲ. ಸಾಸುವ ಸಿಡ್ಯ ಸದ್ದು ಕೇಳ್ಕಂಡು, ಬಣ್ಣ ನೋಡ್ಕಂಡು ಅಡ್ಗ ಮಾಡ್ತಾವಿನಿ."

ಒಡೆದ ಹಾಲಿನ ಲೋಟ ಈಗ ನನಗೆ ಅರ್ಥವಾಯಿತು. ಸಾರು ಹೇಗಿದೆ ಎಂದು ಕೇಳುತ್ತಿದ್ದದ್ದೂ ಅರ್ಥವಾಯಿತು. ಮೆಚ್ಚುಗೆ ಬೇಕು ಇವಳಿಗೆ ಎಂದುಕೊಂಡು ನಾನು ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿದ್ದೆ. ಅವಳು ಕೇಳುತ್ತಿದ್ದದ್ದು ದಾರಿ, ಕಣ್ಣು ಕಾಣದವರು ಕೇಳುವ ಹಾಗೆ.

"ನಂಗ ಯಾಕ ಏಳ್ನಿಲ್ಲ?" ಎಂದ ಚಿಕ್ಕಪ್ಪ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕಿಂತ ಕೆಟ್ಟದ್ದು ಏನೋ ಇತ್ತು.

"ಏಳುದ್ರ ಮನಲಿ ಇರು ಅಂತಿದ್ರಿ. ಅಡ್ಗ ಮಾಡಕ್ಕಾಗ್ದೋಳ್ನ ಯಾಕ ಲಾರಿಲಿ ಕೂರುಸ್ಕಂಡೋದಿರಿ? ಈ ಸಿಲಿಂಡರ್ನೂ ಅಷ್ಟೆಯ. ಕೊಟ್ಬುಟ್ರ ಅವ್ರು ಟೆಸ್ಟು ಅಂತ ಮಡೀಕತ್ತರ. ವಾಪಸ್ ಬರಗಂಟ ನೀವು ಓಟ್ಲಲ್ಲಿ ಉಂಡು ಕಲ್ತ್ಕತ್ತಿರಿ. ಆಮ್ಯಾಲ ನಾ ಯಾತ್ಕ?"

ಮಂಜು ಸರಿದು ಕೆಳಗಿನ ತಿರುವುಗಳು ಒಂದು ಸಲ ಕಂಡು ಮುಚ್ಚಿಕೊಂಡವು. ಚಿಕ್ಕಪ್ಪ ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ಅವನು ಮಾತಿನ ಮನುಷ್ಯನಲ್ಲ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ನೀ ಮೊದ್ಲು ಲಾರಿ ಅತ್ತಿದ್ದು ಅಡ್ಗ ಮಾಡಕ್ಕ ಅಲ್ಲ ಕಣ, ಮರ್ತೋದ್ಯ? ನಾನು ತೂಕಡುಸ್ಬುಟ್ಟು ಇದೇ ಗಾಟಿಲಿ ಗೋಡ್ಗ ಗುದ್ದುದ್ನಲ್ಲ. ಮಾರ್ನೆ ದಿನ ನೀ ಸೀರ ಗಂಟು ಇಡ್ಕಂಡು ಬಂದು ಕೂತ್ಕಂಡ. ನಾ ಮಾತಾಡ್ತ ಇರ್ತಿನಿ, ನೀವು ಓಡ್ಸಿ ಅಂದ. ಒಲ, ಸಿಲಿಂಡರು ಎಲ್ಲ ಆಮ್ಯಾಲ ಬಂದವು. ಅನ್ನ ಎಲ್ಲಾರ ಸಿಕ್ತುದ. ನೀ ಪಕ್ಕದಲ್ಲಿ ಇಲ್ದೆ ನಾ ಯಾವತ್ತಾರ ಈ ಗಾಟಿ ಇಳ್ದಿದ್ದನ?"

ಚಿಕ್ಕಮ್ಮ ಅತ್ತದ್ದು ಆಗ. ನಾನು ದೂರ ಸರಿದು, ಟೀ ಅಂಗಡಿಯ ಕೋತಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಸಿಲಿಂಡರು ಮಳೆಯಲ್ಲೇ ಬರಿದಾಯಿತು. ದಾರಿ ಬಿಟ್ಟ ಮೇಲೆ ಅದನ್ನು ಲಾರಿಯ ಹಿಂದೆ, ಗಾಳಿಯಾಡುವ ಹಾಗೆ ಕಟ್ಟಿಕೊಂಡು ಸತ್ಯಮಂಗಲಕ್ಕೆ ಇಳಿದೆವು. ಗ್ಯಾಸ್ ಏಜೆನ್ಸಿಯಲ್ಲಿ ಇದ್ದಾತ ಪಟ್ಟಿಯ ತುಕ್ಕನ್ನು ಉಜ್ಜಿ ಅಕ್ಷರ ಓದಿ, ನಮ್ಮ ಮೂವರ ಮುಖವನ್ನೂ ನೋಡಿದ. "ಇದರ ಗಡುವು ಮುಗಿದು ಎಷ್ಟೋ ಕಾಲ ಆಗಿದೆಯಮ್ಮ" ಎಂದು ತಮಿಳಿನಲ್ಲಿ ಹೇಳಿದ. ಬಾಯಿಯ ಕವಾಟ ಸವೆದಿದೆ, ತಿರುಪು ಮುಚ್ಚಿದರೂ ಸೋರುತ್ತದೆ, ಪರೀಕ್ಷೆಗೆ ಕಳಿಸುತ್ತೇವೆ, ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತಾರೆ, ತಡೆದರೆ ಹೊಸ ಕವಾಟ ಹಾಕಿ ವಾಪಸ್ಸು, ತಡೆಯದಿದ್ದರೆ ಕತ್ತರಿಸಿ ಗುಜರಿಗೆ ಎಂದು ವಿವರಿಸಿದ. ಬೈಯಲಿಲ್ಲ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಅದನ್ನು ಕೊನೆಯ ಸಲ ಸೆರಗಿನಿಂದ ಒರೆಸುತ್ತಿದ್ದದ್ದನ್ನು ಕಂಡೋ ಏನೋ.

ಅದು ಪರೀಕ್ಷೆಯಲ್ಲಿ ತಡೆಯಲಿಲ್ಲ. ಆ ಸುದ್ದಿ ಬಂದಾಗ ಚಿಕ್ಕಮ್ಮ ಫೋನಿನಲ್ಲಿ, "ಕತ್ತರಿಸ್ಬುಟ್ರಂತ ಕಣ ಕೂಸೆ" ಎಂದಳು. ಹೊಸದು ಸಿಗುವವರೆಗೆ ಒಲೆಯಿಲ್ಲದೆಯೇ ಲಾರಿ ಓಡಿತು. ಅವಳು ಎಡಗಡೆಯ ಕಿಟಕಿಯ ಪಕ್ಕ ಬರಿಗೈಯಲ್ಲಿ ಕೂತು ಹೋದಳು, ಮೆಸ್ಸುಗಳಲ್ಲಿ ಎಲೆಯ ಮುಂದೆ ಕೂತು ಉಂಡಳು. ಮೊದಲ ಸಲ ಬೇರೆ ಯಾರೋ ಬಡಿಸುವಾಗ ಎದ್ದು ನಿಂತುಬಿಟ್ಟಳಂತೆ, ಚಿಕ್ಕಪ್ಪ ಕೈ ಹಿಡಿದು ಕೂರಿಸಿದನಂತೆ.

ಅವಳನ್ನು ಡಾಕ್ಟರಿಗೂ ತೋರಿಸಿದರು. ಕೆಲವರಿಗೆ ವಾಸನೆ ಮರಳುತ್ತದೆ, ಕೆಲವರಿಗೆ ಇಲ್ಲ, ಗೊತ್ತಿರುವ ವಸ್ತುಗಳನ್ನು ದಿನಾ ಮೂಗಿಗೆ ಹಿಡಿದು, ಅದರ ಹೆಸರು ಹೇಳಿಕೊಂಡು ನೆನಪು ಮಾಡಿಕೊಳ್ಳಿ ಎಂದರಂತೆ ಅವರು. ಲವಂಗ, ನಿಂಬೆ ಎಂದು ಮನೆಯಲ್ಲಿ ಶುರುವಾದದ್ದನ್ನು ಚಿಕ್ಕಪ್ಪ ರಸ್ತೆಗೆ ತಂದ. ಹೊಸ ಸಿಲಿಂಡರು ಬಂದ ಮೇಲೆ ಒಂದು ಕಟ್ಟಳೆಯನ್ನೂ ಮಾಡಿದ. ಮಳೆಯಿರಲಿ ಬಿಸಿಲಿರಲಿ ಒಲೆ ಹೊರಗೆ. ಮೊದಲು ಅವನು ಬಗ್ಗಿ ಮೂಸಿ, ಸರಿ ಎಂದ ಮೇಲೆ ಅವಳು ಕಡ್ಡಿ ಗೀಚುವುದು. ಅವನು ಹಾಗೆ ಮಂಡಿಯೂರಿ ಬಗ್ಗುವುದನ್ನು ಕಂಡ ಲಾರಿಯವರು ಕೆಂಪಣ್ಣ ಸಿಲಿಂಡರಿಗೆ ಅಡ್ಡಬೀಳುತ್ತಾನೆ ಎಂದು ಈಗಲೂ ಆಡಿಕೊಳ್ಳುತ್ತಾರೆ.

ಹೋದ ಭಾನುವಾರ ಬಹಳ ದಿನಗಳ ಮೇಲೆ ನಾನು ಅವರ ಜೊತೆ ಲಾರಿ ಹತ್ತಿದೆ. ಹಲ್ಲು ನೋವಿರಲಿಲ್ಲ, ಯಾವ ಕೆಲಸವೂ ಇರಲಿಲ್ಲ. ಚಿಕ್ಕಮ್ಮ, "ಸುಮ್ನ ಬಾ" ಎಂದಳು, ಹೋದೆ. ನಡುವೆ ಕೂತ ನನ್ನ ತಲೆಯ ಮೇಲಿಂದ ಅವರಿಬ್ಬರ ಮಾತು ಸಾಗಿತ್ತು.

"ಈಗ ಯಾನ?" ಎಂದು ಅವಳು ಕೇಳುವುದು.

"ಲಂಟಾನ ಊವ" ಎಂದು ಅವನು ಹೇಳುವುದು. ಸ್ವಲ್ಪ ದೂರ ಹೋಗಿ, "ಆನ ಲದ್ದಿ. ಬೆಳಗ್ಗೆದು." ಮತ್ತೆ ಸ್ವಲ್ಪ ದೂರಕ್ಕೆ, "ಮುಂದ್ಗಡ ಲಾರಿದು ಬ್ರೇಕು ಸೀಯ್ತಾ ಅದ." ಅವಳು ಒಂದೊಂದಕ್ಕೂ ಕಣ್ಣು ಮುಚ್ಚಿ, ಒಳಗೆ ಎಲ್ಲೋ ಹುಡುಕಿ, ಸಿಕ್ಕಿದರೆ ತಲೆಯಾಡಿಸುವಳು. ಲವಂಗ ಮಾತ್ರ ಈಚೆಗೆ ಎಲ್ಲೋ ದೂರದಲ್ಲಿ ಬಂದ ಹಾಗೆ ಆಗುತ್ತದಂತೆ.

ನಾನು ನನ್ನ ಪಾಡಿಗೆ ಮೂಗು ಅರಳಿಸಿ ಕೂತಿದ್ದೆ. ಇಷ್ಟು ವರ್ಷ ಈ ಘಾಟಿಯಲ್ಲಿ ಕಣ್ಣು ಮೂಗು ಎರಡನ್ನೂ ಮುಚ್ಚಿಕೊಂಡು ಓಡಾಡಿದವಳು ನಾನು. ಹೊಟ್ಟೆ ತೊಳಸುವುದನ್ನು ಮರೆತು ಒಂದೊಂದಾಗಿ ಹಿಡಿಯತೊಡಗಿದೆ. ಒದ್ದೆ ಬಂಡೆಗೂ ಒಂದು ವಾಸನೆ ಇದೆ. ಒಣ ಬಿದಿರಿಗೂ ಇದೆ.

"ನೀ ಏಳು ಕೂಸೆ" ಎಂದಳು ಚಿಕ್ಕಮ್ಮ. "ಇವ್ರು ಏಳ್ದೆ ಬುಟ್ಟಿರದು ಯಾವ್ದಾರ ಅದ?"

ಒಂದು ಇತ್ತು. ಹತ್ತಿದಾಗಿನಿಂದ ನನ್ನ ಬಲಗಡೆಯಿಂದಲೇ ಬರುತ್ತಿತ್ತು. ಜ್ವರದಿಂದ ಎದ್ದ ಮೇಲೆ, ಇನ್ನು ಮುಟ್ಟುವುದಿಲ್ಲ ಎಂದು ಚಿಕ್ಕಪ್ಪ ಅವಳ ಕೈ ಮೇಲೆ ಕೈಯಿಟ್ಟು ಬೀಡಿ ಬಿಟ್ಟಿದ್ದ. ಬಿಟ್ಟಿದ್ದಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವನು ನನ್ನ ಕಡೆ ತಿರುಗಲಿಲ್ಲ, ಆದರೆ ಎದುರಿನ ಕನ್ನಡಿಯಲ್ಲಿ ಅವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು.

"ಬಿದಿರು" ಎಂದೆ. "ಒಣ ಬಿದಿರು, ಚಿಕ್ಕಮ್ಮ."

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಟೀಚರ್ ಆಗಿ ಸುಳ್ಳು ಏಳ್ತಿಯಲ್ಲವ್ವ. ಇವ್ರ ಅಂಗಿ ಜೋಬಲ್ಲಿ ಕಿಡಿ ತಾಕಿ ತೂತು ಬಿದ್ದಿರದ ನಾನೇ ಒಲ್ದು ಕೊಟ್ಟಿನಿ. ಮೂಗಿಲ್ಲ ಅಂದ್ರ ಕಣ್ಣೂ ಇಲ್ಲ ಅಂದ್ಕಂಡವ್ರ."

ಒಂದು ತಿರುವು ಬಂತು. ಚಿಕ್ಕಪ್ಪ ಹಾರನ್ ಹೊಡೆದು, ಎದುರಿನ ಬಸ್ಸಿಗೆ ದಾರಿ ಬಿಟ್ಟು, ಸ್ಟೀರಿಂಗು ತಿರುಗಿಸಿ, ಮತ್ತೆ ನೇರ ಮಾಡಿಕೊಂಡ. ಚಿಕ್ಕಮ್ಮ ಎಂದಿನ ದನಿಯಲ್ಲೇ ಕೇಳಿದಳು.

"ಈಗ ಯಾನ?"

ಅವನು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ.

"ಬೀಡಿ" ಎಂದ.

ಅವಳು ಕಣ್ಣು ಮುಚ್ಚಿ, ಒಳಗೆ ಹುಡುಕಿ, ತಲೆಯಾಡಿಸಿದಳು.